ಕತ್ತರಿ ಹಾಕದ ಕೆಲಸ

ಅಳಿಯ: ಮಾವ, ವ್ಯಾಗನ್ ಆರ್‌ಗೆ ಹೊಸ ಸ್ಟೀರಿಯೊ ಹಾಕಿಸ್ತಿದ್ದೀನಿ. ಒಂಬತ್ತು ಇಂಚಿನ ಟಚ್ ಸ್ಕ್ರೀನ್, ಆಂಡ್ರಾಯ್ಡ್. ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಮುಕ್ಕಾಲು ಗಂಟೆ ಸಾಕು, ಕೂರಿಸಿಕೊಡ್ತೀವಿ ಅಂದ್ರು.

ಮಾವ: ಕಪ್ಲರ್ ಹಾಕ್ತಾರಂತೋ, ವೈರ್ ಕತ್ತರಿಸ್ತಾರಂತೋ?

ಅಳಿಯ: ಅದನ್ನ ಕೇಳಲಿಲ್ಲ. ವಾರಂಟಿ ಎಷ್ಟು, ರ್ಯಾಮ್ ಎಷ್ಟು ಅಂತ ಕೇಳಿದೆ.

ಮಾವ: ಸರಿಹೋಯ್ತು. ಪರದೆ ಮುಂದಿರೋದನ್ನೆಲ್ಲ ಕೇಳಿದೀಯ, ಹಿಂದಿರೋದನ್ನ ಒಂದೂ ಕೇಳಿಲ್ಲ. ಮೈಸೂರಿನಲ್ಲಿ ಕಾರುಗಳ ವೈರಿಂಗ್ ಮಾಡಿಯೇ ಸಂಸಾರ ಸಾಗಿಸಿದವನು ನಾನು. ಒಂದು ಮಾತು ಹೇಳ್ತೀನಿ ಕೇಳು: ಸ್ಟೀರಿಯೊ ಕೆಟ್ಟು ನನ್ನ ಹತ್ತಿರ ಬಂದ ಕಾರು ಕಡಿಮೆ, ಸ್ಟೀರಿಯೊ ಹಾಕಿಸಿಕೊಂಡು ಕೆಟ್ಟು ಬಂದ ಕಾರೇ ಜಾಸ್ತಿ.

ಅಳಿಯ: ಅಷ್ಟೊಂದು ಏನಿದೆ ಮಾವ ಅದರಲ್ಲಿ? ಹಳೇದನ್ನ ಎಳೆದು, ಹೊಸದನ್ನ ತಳ್ಳೋದು ತಾನೆ?

ಮಾವ: ತಳ್ಳೋಕೆ ಗೂಡು ಬೇಕಲ್ಲ, ಆ ಗೂಡಿನ ಅಳತೆ ಎಲ್ಲಿಂದ ಬಂತು? ಅಂಗಡಿಯವರು ಸಿಂಗಲ್ ಡಿನ್, ಡಬಲ್ ಡಿನ್ ಅಂತಿರ್ತಾರಲ್ಲ, ಡಿನ್ ಅನ್ನೋದು ಜರ್ಮನಿಯ ಮಾನಕ ಸಂಸ್ಥೆಯ ಹೆಸರು. ಅವರು ಗೊತ್ತುಮಾಡಿದ್ದು ಅಗಲ 180 ಮಿಲಿಮೀಟರ್, ಎತ್ತರ 50. ಒಂದರ ಮೇಲೊಂದು ಎರಡು ಇಟ್ಟರೆ ಡಬಲ್ ಡಿನ್, ಎತ್ತರ 100. ಅದೇ ಅಳತೆ ಮುಂದೆ ಐಎಸ್‌ಒ 7736 ಅಂತ ಅಂತರರಾಷ್ಟ್ರೀಯ ಮಾನಕವೂ ಆಯ್ತು. ಸೆಟ್ಟು ಮಾಡಿದವನು ಜಪಾನಿನಲ್ಲಿ, ಕಾರು ಮಾಡಿದವನು ಕೊರಿಯಾದಲ್ಲಿ, ಜೋಡಿಸೋ ನಾನು ಅಗ್ರಹಾರದ ಸರ್ಕಲ್ಲಿನಲ್ಲಿ. ಒಬ್ಬರ ಮುಖ ಒಬ್ಬರು ನೋಡಿಲ್ಲ, ಆದ್ರೂ ಸೆಟ್ಟು ಹೋಗಿ ಗೂಡಲ್ಲಿ ಕೂತ್ಕೊಳ್ಳುತ್ತೆ.

ಅಳಿಯ: ಅದಕ್ಕೆ ಮುಂಚೆ ಹೇಗಿತ್ತು?

ಮಾವ: ಅಂಬಾಸಿಡರ್, ಫಿಯಟ್ ಕಾಲದ ರೇಡಿಯೊಗೆ ಎಡಗಡೆ ಒಂದು ನಾಬು, ಬಲಗಡೆ ಒಂದು, ನಡುವೆ ಡಯಲ್ಲು. ತೂತು ಸರಿಹೊಂದದಿದ್ರೆ ತಗಡನ್ನ ಅರದಲ್ಲಿ ಉಜ್ಜಿ ದೊಡ್ಡದು ಮಾಡೋರು. ರೇಡಿಯೊ ಇಟ್ಕೊಳ್ಳೋಕೆ ಪೋಸ್ಟಾಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿದ್ದ ಕಾಲ ಅದು.

ಅಳಿಯ: ನನ್ನ ಕಾರಿನಲ್ಲಿ ನೀವು ಹೇಳೋ ಗೂಡೇ ಕಾಣ್ತಿಲ್ಲ. ಕಂಪನಿ ಸೆಟ್ಟು ಡ್ಯಾಶ್‌ಬೋರ್ಡಿನ ಆಕಾರಕ್ಕೇ ಬಾಗಿದೆ.

ಮಾವ: ಮಾನಕ ಇದ್ರೂ ಕಾರು ಕಂಪನಿಗಳು ಮೆಲ್ಲಗೆ ಅದರಿಂದ ಜಾರಿಕೊಂಡವು. ಸೆಟ್ಟಿನ ಮುಖ ಡ್ಯಾಶ್‌ಬೋರ್ಡಿಗೆ ಬೆಸೆದ ಹಾಗಿದ್ರೆ ನೋಡೋಕೆ ಚೆಂದ. ಕದ್ದವನಿಗೂ ಪ್ರಯೋಜನ ಇಲ್ಲ, ಬೇರೆ ಕಾರಿಗೆ ಕೂರೊಲ್ಲ. ಹಾಗಾಗಿ ನಿನಗೆ ಮೊದಲು ಬೇಕಾದ್ದು ಫ್ರೇಮು. ಹೊರಗಿನ ಆಕಾರ ಕಾರಿನದು, ಒಳಗಿನ ಕಿಂಡಿ ಹೊಸ ಸೆಟ್ಟಿನದು. ಕಾರಿನ ಮಾಡೆಲ್ಲು, ವರ್ಷ ಹೇಳಿದ್ರೆ ಕೊಡ್ತಾರೆ. ಆದ್ರೆ ಏಳು ಇಂಚಿನದಕ್ಕೆ ಬೇರೆ ಫ್ರೇಮು, ಒಂಬತ್ತಕ್ಕೆ ಬೇರೆ. ಒಂಬತ್ತು ಇಂಚು ಅಂದ್ರೆ ಪರದೆಯ ಮೂಲೆಯಿಂದ ಮೂಲೆಗೆ. ಅಗಲ ಎಷ್ಟಾಯ್ತು?

ಅಳಿಯ: 16ಕ್ಕೆ 9ರ ಪ್ರಮಾಣ ಅಂದ್ರೆ... ಅಗಲ ಹತ್ತಿರ ಹತ್ತಿರ 200 ಮಿಲಿಮೀಟರ್, ಎತ್ತರ 112.

ಮಾವ: ಡಬಲ್ ಡಿನ್ ಗೂಡು 180ಕ್ಕೆ 100. ಒಳಗೆ ಹಿಡಿಯೊಲ್ಲ, ಗೂಡಿನ ಮುಂದೆ ನಿಲ್ಲುತ್ತೆ. ಹಾಗೆ ನಿಂತಾಗ ಏಸಿ ಗಾಳಿ ಬರೋ ಕಿಂಡಿಗೆ ಅಡ್ಡ ಬರುತ್ತಾ, ಹಜಾರ್ಡ್ ಲೈಟಿನ ಸ್ವಿಚ್ಚಿಗೆ ಬೆರಳು ಹೋಗುತ್ತಾ, ಮಧ್ಯಾಹ್ನದ ಬಿಸಿಲು ಕಣ್ಣಿಗೆ ಹೊಡೆಯುತ್ತಾ ಅಂತ ಫ್ರೇಮನ್ನ ಡ್ಯಾಶ್‌ಬೋರ್ಡಿಗೆ ಹಿಡಿದು ನೋಡಿ ಆಮೇಲೆ ದುಡ್ಡು ಕೊಡು. ಏಳು ಇಂಚಿನದು ಗೂಡಿನೊಳಗೇ ಅಡಗುತ್ತೆ.

ಅಳಿಯ: ಫ್ರೇಮ್ ಸಿಕ್ತು ಅಂತಿಟ್ಕೊಳ್ಳಿ. ಬಿಚ್ಚೋಕೆ ಎಲ್ಲಿಂದ ಶುರು?

ಮಾವ: ಬಾನೆಟ್ಟಿನಿಂದ. 10 ನಂಬರ್ ಸ್ಪಾನರ್ ತಗೊಂಡು ಬ್ಯಾಟರಿಯ ನೆಗೆಟಿವ್ ಬಿಚ್ಚು. ಮೊದಲು ನೆಗೆಟಿವ್ವೇ. ಪಾಸಿಟಿವ್ ಬಿಚ್ಚೋವಾಗ ಸ್ಪಾನರ್ ಬಾಡಿಗೆ ತಗುಲಿದ್ರೆ ಅಲ್ಲೇ ಶಾರ್ಟು. ನೆಗೆಟಿವ್ ಬಿಚ್ಚೋವಾಗ ತಗುಲಿದ್ರೆ ಏನೂ ಆಗಲ್ಲ, ಬಾಡಿನೇ ನೆಗೆಟಿವ್. ಏರ್‌ಬ್ಯಾಗ್ ಇರೋ ಕಾರಾದ್ರೆ ಬಿಚ್ಚಿ ಕೆಲವು ನಿಮಿಷ ಕೈಕಟ್ಟಿ ನಿಂತಿರಬೇಕು. ಬ್ಯಾಟರಿ ಕಳಚಿದ್ರೂ ಅದರ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತೆ.

ಅಳಿಯ: ಆಮೇಲೆ ಸ್ಕ್ರೂಡ್ರೈವರ್ ಹಾಕಿ ಪ್ಯಾನೆಲ್ ಮೀಟೋದು.

ಮಾವ: ಸ್ಕ್ರೂಡ್ರೈವರ್ ಮುಟ್ಟಿದ ಜಾಗದಲ್ಲಿ ಗಾಯ ಉಳಿದೇ ಉಳಿಯುತ್ತೆ. ಮೀಟೋಕೆ ಅಂತಲೇ ನೈಲಾನ್ ಪಟ್ಟಿ ಬರುತ್ತೆ, ಅದನ್ನ ಸಂದಿಗೆ ತೂರಿಸಿ ಅಂಚಿನುದ್ದಕ್ಕೂ ಸ್ವಲ್ಪ ಸ್ವಲ್ಪ ಎಬ್ಬಿಸ್ತಾ ಬರಬೇಕು. ಕ್ಲಿಪ್ಪು ಬಿಟ್ಟಾಗ ಟಕ್ ಅನ್ನುತ್ತೆ. ಹೊಸಬನಿಗೆ ಮುರಿದೇಹೋಯ್ತು ಅನ್ನಿಸುತ್ತೆ. ಕಿವಿ ನಂಬಬೇಡ, ಕಣ್ಣು ನಂಬು. ಪ್ಲಾಸ್ಟಿಕ್ ಮುರಿಯೋ ಮುಂಚೆ ಬಗ್ಗಿದ ಜಾಗದಲ್ಲಿ ಬಿಳಚಿಕೊಳ್ಳುತ್ತೆ. ಬಿಳಿ ಗೆರೆ ಕಂಡ್ರೆ ಕೈ ನಿಲ್ಲಿಸು, ಎಲ್ಲೋ ಒಂದು ಸ್ಕ್ರೂ ಉಳಿದಿದೆ ಅಂತ ಅರ್ಥ. ಪ್ಯಾನೆಲ್ ಬಿಟ್ಕೊಂಡ ಮೇಲೂ ಜೋರಾಗಿ ಎಳೀಬೇಡ, ಹಿಂದೆ ಹಜಾರ್ಡ್ ಸ್ವಿಚ್ಚಿನ ಕಪ್ಲರ್ ಹಿಡ್ಕೊಂಡಿರುತ್ತೆ. ಅದರ ನಾಲಿಗೆ ಒತ್ತಿ ಬಿಡಿಸಬೇಕು.

ಅಳಿಯ: ಅದರ ಹಿಂದೆ ವೈರ್ ಕಾಡು.

ಮಾವ: ಕಾಡು ಅನ್ನಿಸೋದು ಹೆಸರು ಗೊತ್ತಿಲ್ಲದಿದ್ರೆ. ಹೊರಗೆ ಕೊಳ್ಳೋ ಸೆಟ್ಟುಗಳ ವೈರಿಗೆ ಬಣ್ಣದ ಒಂದು ಒಪ್ಪಂದ ಇದೆ. ಹಳದಿ ಬ್ಯಾಟರಿಯಿಂದ ನೇರ, ಕಾರು ನಿಂತಿದ್ರೂ 12 ವೋಲ್ಟು, ಗಡಿಯಾರ ಮತ್ತು ಸ್ಟೇಷನ್ ನೆನಪಿಗೆ. ಕೆಂಪು ಕೀ ತಿರುಗಿಸಿದಾಗ ಮಾತ್ರ. ಕಪ್ಪು ಅರ್ತು. ಸ್ಪೀಕರಿಗೆ ಮುಂದಿನ ಎಡ ಬಿಳಿ, ಮುಂದಿನ ಬಲ ಬೂದು, ಹಿಂದಿನ ಎಡ ಹಸಿರು, ಹಿಂದಿನ ಬಲ ನೇರಳೆ. ಪ್ರತಿಯೊಂದಕ್ಕೂ ಕಪ್ಪು ಗೆರೆಯ ಜೋಡಿ ಇರುತ್ತೆ, ಅದು ಮೈನಸ್ಸು.

ಅಳಿಯ: ಕಾರಿನ ಕಡೆ ವೈರಿಗೂ ಇದೇ ಬಣ್ಣವಾ?

ಮಾವ: ಇಲ್ಲ, ಅಲ್ಲೇ ಇರೋದು ಪೇಚು. ಒಪ್ಪಂದ ಸೆಟ್ಟಿನವರದು, ಕಾರಿನವರದಲ್ಲ. ಕಾರಿನ ಹಳದಿ ಏನು ಬೇಕಾದ್ರೂ ಆಗಿರಬಹುದು. ಅದರಲ್ಲೂ ಏರ್‌ಬ್ಯಾಗಿನ ಕಪ್ಲರ್, ಅದರ ವೈರ್ ಮೇಲಿನ ಸ್ಲೀವು ಹಳದಿ ಇರುತ್ತೆ. ಅದಕ್ಕೆ ಟೆಸ್ಟ್ ಲ್ಯಾಂಪ್ ಕೂಡ ಚುಚ್ಚಬಾರದು. ಬಣ್ಣ ನೋಡಿ ಜೋಡಿಸೋನು ಇಲ್ಲೇ ಸಿಕ್ಕಿಹಾಕ್ಕೊಳ್ಳೋದು. ಬ್ಯಾಟರಿಯನ್ನ ಆ ಹೊತ್ತಿಗಷ್ಟೇ ಮತ್ತೆ ಸೇರಿಸಿ, ಕಾರಿನ ಕಡೆ ಮೀಟರ್ ಹಿಡಿದು, ಕೀ ಆಫ್ ಮಾಡಿ ಒಂದು ಸಲ, ಆನ್ ಮಾಡಿ ಒಂದು ಸಲ ನೋಡಿ, ಸದಾ ಕರೆಂಟ್ ಯಾವುದು, ಕೀ ಕರೆಂಟ್ ಯಾವುದು ಅಂತ ಖಾತ್ರಿ ಮಾಡ್ಕೊಂಡೇ ಮುಂದಕ್ಕೆ ಹೋಗಬೇಕು.

ಅಳಿಯ: ಎರಡೂ ಅದಲು ಬದಲಾದ್ರೆ?

ಮಾವ: ಹಾಡು ಬರುತ್ತೆ. ಅದಕ್ಕೇ ಯಾರಿಗೂ ತಕ್ಷಣ ಗೊತ್ತಾಗಲ್ಲ. ಪ್ರತಿ ಸಲ ಕೀ ತೆಗೆದಾಗ ಗಡಿಯಾರ ಮೊದಲಿಗೆ ಬರುತ್ತೆ, ಹಿಡಿದಿಟ್ಟ ಸ್ಟೇಷನ್ ಮರೆತುಹೋಗುತ್ತೆ. ಸೆಟ್ಟೇ ಸರಿಯಿಲ್ಲ ಅಂತ ಅಂಗಡಿಗೆ ಜಗಳಕ್ಕೆ ಹೋಗ್ತಾರೆ. ಯುರೋಪಿನ ಕಾರುಗಳಲ್ಲಿ ಐಎಸ್‌ಒ 10487 ಅಂತ ಕಪ್ಲರಿಗೂ ಮಾನಕ ಇದೆ. 4ನೇ ಪಿನ್ನು ಸದಾ ಕರೆಂಟು, 7ನೇದು ಕೀ ಕರೆಂಟು, 8ನೇದು ಅರ್ತು. ಅಲ್ಲೂ ಕೆಲವು ಕಾರಿನವರು 4 ಮತ್ತು 7 ತಿರುಗಿಸಿಟ್ಟಿದ್ದಾರೆ. ಕಾಗದದಲ್ಲಿ ಬರೆದಿದೆ ಅಂತ ಮೀಟರ್ ಜೇಬಲ್ಲಿ ಇಟ್ಕೊಳ್ಳೋ ಹಾಗಿಲ್ಲ.

ಅಳಿಯ: ಹೀಗೆ ಒಂದೊಂದೇ ಗುರುತು ಹಿಡಿದು ಕತ್ತರಿಸಿ ಸೇರಿಸೋದು ಅನ್ನಿ.

ಮಾವ: ಗುರುತು ಹಿಡಿ, ಕತ್ತರಿಸಬೇಡ. ಕಾರಿನ ಕಪ್ಲರಿಗೆ ಸರಿಯಾಗಿ ಕೂರೋ ಇನ್ನೊಂದು ಕಪ್ಲರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಅದರ ಬಾಲಕ್ಕೆ ಸೆಟ್ಟಿನ ವೈರ್ ಸೇರಿಸಿದ್ರೆ ಆಯ್ತು. ಅದನ್ನ ಬಿಟ್ಟು ಕಾರಿನ ಕಪ್ಲರನ್ನೇ ಕತ್ತರಿಸಿ ಬಿಸಾಕೋದು ಅಂದ್ರೆ, ಬಾಗಿಲಿಗೆ ಚಿಲಕ ಇದ್ದೂ ಗೋಡೆ ಒಡೆದು ಒಳಗೆ ಹೋದ ಹಾಗೆ. ವಾರಂಟಿ ಇರೋ ಹೊಸ ಕಾರಾದ್ರೆ ಅಷ್ಟೇ ನೆಪ ಸಾಕು, ಇಡೀ ವೈರಿಂಗಿಗೆ ನಾವು ಜವಾಬ್ದಾರರಲ್ಲ ಅಂತ ಕೈ ಎತ್ತಿಬಿಡ್ತಾರೆ.

ಅಳಿಯ: ಬಾಲಕ್ಕೆ ಸೇರಿಸೋದು ಹೇಗೆ? ತಿರುಚಿ ಟೇಪ್ ಸುತ್ತಿದ್ರೆ ಸಾಲದಾ?

ಮಾವ: ಮೊದಲ ಬೇಸಗೆವರೆಗೆ ಸಾಕು. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಟೇಪಿನ ಅಂಟು ಕರಗಿ ಸುತ್ತು ಬಿಚ್ಕೊಳ್ಳುತ್ತೆ. ಆಮೇಲೆ ಬೆತ್ತಲೆ ತಾಮ್ರ, ಪಕ್ಕದಲ್ಲೇ ಕಬ್ಬಿಣದ ಬ್ರಾಕೆಟ್ಟು. ಬೆಸುಗೆ ಹಾಕಿದ್ರೆ ಗಟ್ಟಿ ಅಂತ ಎಲ್ಲರಿಗೂ ನಂಬಿಕೆ, ಆದ್ರೆ ಕರಗಿದ ಸೀಸ ಎಳೆಗಳ ಒಳಗೆ ಹೀರಿಕೊಂಡು ಹೋಗಿ ಎಲ್ಲಿ ನಿಲ್ಲುತ್ತೋ ಅಲ್ಲಿ ವೈರು ಸೆಟೆದುಕೊಂಡಿರುತ್ತೆ. ಗುಂಡಿ ರಸ್ತೆಯಲ್ಲಿ ಕುಲುಕಿ ಕುಲುಕಿ ಸರಿಯಾಗಿ ಅಲ್ಲೇ ಮುರಿಯುತ್ತೆ. ಕಾರಿಗೆ ಕ್ರಿಂಪೇ ಸರಿ. ಅಳತೆಗೆ ತಕ್ಕ ಸ್ಲೀವು ಹಾಕಿ, ಕ್ರಿಂಪಿಂಗ್ ಪ್ಲೈಯರಿನಲ್ಲಿ ಅದುಮಿ, ಎಳೆದು ನೋಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವು ಕಾಯಿಸಿ ಕೂರಿಸಬೇಕು.

ಅಳಿಯ: ಒಳಗಿನ ವಿಷಯ ಒಪ್ಪಿದೆ. ಸದ್ದಿನ ವಿಷಯಕ್ಕೆ ಬನ್ನಿ. ಪೆಟ್ಟಿಗೆ ಮೇಲೆ 50 ವ್ಯಾಟ್, ನಾಲ್ಕು ಚಾನೆಲ್ ಅಂತಿದೆ. ಒಟ್ಟು 200 ವ್ಯಾಟ್ ಬಂತಲ್ಲ.

ಮಾವ: ನೀನು ಎಂಜಿನಿಯರಿಂಗ್ ಓದಿದವನು, ಲೆಕ್ಕ ನೀನೇ ಹಾಕು. ಎಂಜಿನ್ ಓಡ್ತಿರೋವಾಗ ಎಷ್ಟು ವೋಲ್ಟು?

ಅಳಿಯ: 14 ಚಿಲ್ಲರೆ. 14.4 ಅಂತಿಟ್ಕೊಳ್ಳೋಣ. ಸ್ಪೀಕರ್ 4 ಓಮ್. 14.4ರ ವರ್ಗ 207, ಅದನ್ನ 4ರಿಂದ ಭಾಗಿಸಿದ್ರೆ 52 ವ್ಯಾಟ್. ಸರಿಯಾಗೇ ಇದೆಯಲ್ಲ!

ಮಾವ: ವೋಲ್ಟೇಜು ಪೂರ್ತಿ ಮೇಲೆ, ತಕ್ಷಣ ಪೂರ್ತಿ ಕೆಳಗೆ, ಹೀಗೆ ಚೌಕ ಚೌಕವಾಗಿ ಹೊಡೆದ್ರೆ ಸರಿ. ಆಗ ಬರೋದು ಗದ್ದಲ, ಹಾಡಲ್ಲ. ನಯವಾದ ಅಲೆಗೆ ಲೆಕ್ಕ ಹಾಕು.

ಅಳಿಯ: ಸೈನ್ ಅಲೆಗೆ 14.4ನ್ನ 1.414ರಿಂದ ಭಾಗಿಸಬೇಕು, 10.2 ವೋಲ್ಟ್. ವರ್ಗ 104, ಭಾಗಿಸು 4... 26 ವ್ಯಾಟ್. ಅರ್ಧಕ್ಕರ್ಧ ಹೋಯ್ತು!

ಮಾವ: ಅದೂ ಒಳಗಿನ ಐಸಿ ತನ್ನ ಪಾಲಿಗೆ ಏನೂ ಇಟ್ಕೊಳ್ಳದಿದ್ರೆ. ಕೈಗೆ ಬರೋದು 20ರ ಆಸುಪಾಸು. ಪೆಟ್ಟಿಗೆ ಮೇಲಿನ ಸಂಖ್ಯೆ ಲೆಕ್ಕದಲ್ಲಿ ಸುಳ್ಳಲ್ಲ, ಆದ್ರೆ ಆ ಸಂಖ್ಯೆಯಲ್ಲಿ ಹಾಡು ಕೇಳೋಕಾಗಲ್ಲ. ಇನ್ನೊಂದು ವಿಷಯ. ಅಷ್ಟು ವ್ಯಾಟಾದ್ರೂ ಬರೋದು ಸ್ಪೀಕರಿನ ಎರಡೂ ವೈರನ್ನ ಸೆಟ್ಟು ಎದುರುಬದುರಾಗಿ ಏರಿಸಿ ಇಳಿಸೋದರಿಂದ. ಮೈನಸ್ಸು ಅನ್ನೋದು ಹೆಸರಿಗೆ ಮಾತ್ರ. ಹಳೆ ಕಾಲದ ಅಭ್ಯಾಸದಲ್ಲಿ ಅದನ್ನ ಬಾಡಿಗೆ ಅರ್ತ್ ಮಾಡಿದ್ರೆ ಐಸಿಗೆ ತಿಥಿ.

ಅಳಿಯ: ಜೋರಾಗಿ ಬೇಕು ಅಂದ್ರೆ?

ಮಾವ: ಬೇರೆ ಆಂಪ್ಲಿಫೈಯರ್ ಹಾಕಿಸು. ಅದಕ್ಕೆ ಕರೆಂಟು ಬ್ಯಾಟರಿಯಿಂದಲೇ ನೇರ ದಪ್ಪ ವೈರಿನಲ್ಲಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸು. ಸೆಟ್ಟಿನ ನೀಲಿ-ಬಿಳಿ ವೈರು ಅದನ್ನ ಎಬ್ಬಿಸೋಕೆ ಮಾತ್ರ. ಅದರ ಅರ್ತು ಸಡಿಲ ಇದ್ರೆ ಆಕ್ಸಿಲರೇಟರ್ ತುಳಿದ ಹಾಗೆಲ್ಲ ಸ್ಪೀಕರಿನಲ್ಲಿ ಕುಂಯ್ ಅನ್ನೋ ಸದ್ದು ಏರುತ್ತೆ. ಅದು ಆಲ್ಟರ್ನೇಟರಿನದು. ಬಣ್ಣ ಕೆರೆದು ಬರೀ ಲೋಹಕ್ಕೆ ಅರ್ತ್ ಬಿಗಿದ್ರೆ ಬಹುಮಟ್ಟಿಗೆ ಹೋಗುತ್ತೆ.

ಅಳಿಯ: ನನಗೆ ಅಷ್ಟು ಸದ್ದು ಬೇಡ. ಆಫೀಸಿಗೆ ಮೆಟ್ರೋ, ಕಾರು ತೆಗೆಯೋದು ವಾರಕ್ಕೊಂದು ಸಲ.

ಮಾವ: ಹಾಗಾದ್ರೆ ನೀನು ಕೇಳಬೇಕಾದ್ದು ರ್ಯಾಮ್ ಅಲ್ಲ. ಆಂಡ್ರಾಯ್ಡ್ ಸೆಟ್ಟು ಕೀ ತೆಗೆದ ಮೇಲೂ ಪೂರ್ತಿ ಆರಲ್ಲ, ಬೇಗ ಏಳಲಿ ಅಂತ ಅರೆನಿದ್ದೆಯಲ್ಲಿ ಇರುತ್ತೆ. ಆ ನಿದ್ದೆ ಸರಿಯಿಲ್ಲದ ಸೆಟ್ಟು ನಿಂತಲ್ಲೇ 100 ಮಿಲಿಆಂಪಿಯರ್ ಎಳೀತಿದೆ ಅಂತಿಟ್ಕೋ. ನಿನ್ನಂಥ ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್.

ಅಳಿಯ: 350 ಗಂಟೆ. ಹದಿನಾಲ್ಕೂವರೆ ದಿನ.

ಮಾವ: ಅಷ್ಟು ದಿನಕ್ಕೆ ಪೂರ್ತಿ ಬರಿದು. ಸ್ಟಾರ್ಟರ್ ಕೈಕೊಡೋದು ಅದಕ್ಕೂ ಎಷ್ಟೋ ಮುಂಚೆ. ಊರಿಗೆ ಹೋಗಿ ಬಂದವರ ಕಾರು ಎಳೆದು ತರೋದು, ಹೊಸ ಬ್ಯಾಟರಿ ಹಾಕಿಸೋದು, ಅದೂ ಸತ್ತಾಗ ಬ್ಯಾಟರಿ ಕಂಪನಿಯನ್ನ ಬೈಯೋದು. ಅಂಗಡಿಯಲ್ಲೇ ಕೀ ತೆಗೆದು, ಸೆಟ್ಟು ಮಲಗೋವರೆಗೂ ಕಾದು, ನೆಗೆಟಿವ್ ದಾರಿಯಲ್ಲಿ ಮೀಟರ್ ಇಟ್ಟು ನೋಡಿಸು. ಇಡೀ ಕಾರು ಸೇರಿ 50 ಮಿಲಿಆಂಪಿಯರ್ ಒಳಗಿದ್ರೆ ನೆಮ್ಮದಿ.

ಅಳಿಯ: ಇಷ್ಟೆಲ್ಲ ಕೇಳಿದ್ರೆ ಸ್ಕ್ರೀನೇ ಬೇಡ ಅನ್ನೋ ಹಾಗಿದೆ ನಿಮ್ಮ ಮಾತು.

ಮಾವ: ಬೇಡ ಅಂತಲೇ ನನ್ನ ಅಭಿಪ್ರಾಯ. ಸಿಂಗಲ್ ಡಿನ್, ಬ್ಲೂಟೂತು, ತಿರುಗಿಸೋಕೆ ಒಂದು ನಾಬು. ನಾಬಿಗೆ ಕಣ್ಣು ಬೇಡ, ಬೆರಳೇ ಸಾಕು. ಟಚ್ ಸ್ಕ್ರೀನಿನಲ್ಲಿ ಸದ್ದು ತಗ್ಗಿಸೋಕೂ ರಸ್ತೆಯಿಂದ ಕಣ್ಣು ತೆಗೀಬೇಕು.

ಅಳಿಯ: ಇಲ್ಲಿ ನಾನು ಒಪ್ಪಲ್ಲ. ಬೆಂಗಳೂರಿನಲ್ಲಿ ಮ್ಯಾಪ್ ಇಲ್ಲದೆ ಆಗಲ್ಲ. ಈಗ ಫೋನು ತೊಡೆ ಮೇಲೆ ಇರುತ್ತೆ, ಪ್ರತಿ ತಿರುವಿಗೂ ತಲೆ ಬಗ್ಗಿಸ್ತೀನಿ. ಡ್ಯಾಶ್‌ಬೋರ್ಡಿನ ಎತ್ತರಕ್ಕೆ ಮ್ಯಾಪ್ ಬಂದ್ರೆ ಅಷ್ಟಾದ್ರೂ ಕಣ್ಣು ರಸ್ತೆ ಹತ್ತಿರ ಇರುತ್ತೆ. ರಿವರ್ಸ್ ಕ್ಯಾಮೆರಾ ಬೇರೆ ಇದೆ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮಕ್ಕಳು ಓಡಾಡ್ತಿರ್ತಾರೆ. ಸದ್ದಿಗೆ ಸ್ಟೀರಿಂಗಿನ ಬಟನ್ ಇದೆಯಲ್ಲ, ಅದನ್ನ ಹೊಸ ಸೆಟ್ಟಿಗೆ ಸೇರಿಸೋಕೆ ಬರಲ್ವಾ?

ಮಾವ: ಬರುತ್ತೆ. ಎಷ್ಟೋ ಕಾರಿನಲ್ಲಿ ಪ್ರತಿ ಬಟನ್ನಿಗೂ ಬೇರೆ ಬೇರೆ ರೆಸಿಸ್ಟರ್ ಅಷ್ಟೇ. ಸ್ಟೀರಿಂಗ್ ಬಟನ್ನಿಗೆ ಅಂತಲೇ ಸೆಟ್ಟಿನಲ್ಲಿರೋ ವೈರಿಗೆ ಸೇರಿಸಿ ಒಂದೊಂದೇ ಬಟನ್ ಒತ್ತಿ ಕಲಿಸಬಹುದು. ಸರಿ, ಮಕ್ಕಳ ಮಾತು ಆಡಿದೆ, ಕ್ಯಾಮೆರಾಗೆ ಒಪ್ಪಿದೆ. ಆದ್ರೆ ಹ್ಯಾಂಡ್‌ಬ್ರೇಕ್ ವೈರಿನ ವಿಷಯದಲ್ಲಿ ನನ್ನ ಮಾತು ಕೇಳು.

ಅಳಿಯ: ಅದೇನು?

ಮಾವ: ಹ್ಯಾಂಡ್‌ಬ್ರೇಕ್ ಹಾಕಿದಾಗ ಮಾತ್ರ ಸಿನಿಮಾ ಓಡಲಿ ಅಂತ ಸೆಟ್ಟಿನಲ್ಲಿ ಒಂದು ವೈರ್ ಕೊಟ್ಟಿರ್ತಾರೆ. ಅದನ್ನ ಸುಮ್ಮನೆ ಅರ್ತ್ ಮಾಡಿಬಿಟ್ರೆ ಕಾರು ಓಡೋವಾಗಲೂ ಸಿನಿಮಾ ಓಡುತ್ತೆ. ಕೇಳದಿದ್ರೂ ಉಚಿತವಾಗಿ ಮಾಡಿಕೊಡೋರಿದ್ದಾರೆ. ನೀನು ಬೇಡ ಅಂತ ಬಾಯಿಬಿಟ್ಟು ಹೇಳು.

ಅಳಿಯ: ಆಗಲಿ. ರೇಡಿಯೊ ಹೇಗೆ, ನೀವು ಹತ್ತಿದಾಗಲೆಲ್ಲ ಆಕಾಶವಾಣಿ ಹಾಕು ಅಂತೀರ.

ಮಾವ: ಸೆಟ್ಟಿಂಗಿನಲ್ಲಿ ದೇಶ ಯಾವುದು ಅಂತ ನೋಡು. ಅಮೆರಿಕ ಅಂತಿದ್ರೆ ಎಫ್‌ಎಂ ಎರಡೆರಡು ಮೆಟ್ಟಿಲು ಹಾರುತ್ತೆ, ಬೆಸ ಅಂಕಿಯಲ್ಲಿ ಮಾತ್ರ ನಿಲ್ಲುತ್ತೆ. ಬೆಂಗಳೂರಿನ 101.3, 102.9 ಸಿಗುತ್ತೆ, ಆದ್ರೆ ಮೈಸೂರು ಆಕಾಶವಾಣಿ 100.6 ಸಿಗೊಲ್ಲ, 100.5 ಆದ ಮೇಲೆ 100.7. ಮೀಡಿಯಂ ವೇವ್ ಅಲ್ಲಿ ಹತ್ತು ಹತ್ತಾಗಿ ಏರುತ್ತೆ, ನಮ್ಮಲ್ಲಿ ಒಂಬತ್ತೊಂಬತ್ತು. ಬೆಂಗಳೂರಿನ 612 ಹೇಗೆ ಸಿಗಬೇಕು? ಕಂಪನಿಯ ಆಂಟೆನಾದಲ್ಲಿ ಪುಟ್ಟ ಆಂಪ್ಲಿಫೈಯರ್ ಇದ್ರೆ ಅದಕ್ಕೂ 12 ವೋಲ್ಟು ಕೊಡಿಸಬೇಕು, ಕೊಡದಿದ್ರೆ ಹತ್ತಿರದ ಸ್ಟೇಷನ್ ಮಾತ್ರ ಬಂದು ಮಿಕ್ಕಿದ್ದೆಲ್ಲ ಬರೀ ಬುಸ್ ಅನ್ನುತ್ತೆ.

ಅಳಿಯ: ಮಾವ, ಒಂದು ಮಾತು. ನೀವು ಹೇಳಿದ್ದನ್ನೆಲ್ಲ ಮಾಡೋಕೆ ಅರ್ಧ ದಿನ ಬೇಕು. ಜೆ.ಸಿ. ರಸ್ತೆಯ ಹುಡುಗ ಬಿಸಿಲಲ್ಲಿ, ರಸ್ತೆ ಬದಿಯಲ್ಲೇ ಕಾರಿನೊಳಗೆ ಮುದುಡಿಕೊಂಡು ಕೆಲಸ ಮಾಡ್ತಾನೆ. ದಿನಕ್ಕೆ ಎಷ್ಟು ಕಾರು ಮುಗಿಸಿದ ಅನ್ನೋದರ ಮೇಲೆ ಅವನ ಕೂಲಿ. ಅವನು ಕತ್ತರಿ ಹಾಕದೆ ಇನ್ನೇನು ಮಾಡ್ತಾನೆ?

ಮಾವ: ಆ ಮಾತು ನಿಜ ಕಣೋ. ಅವನ ಕೈ ಕೆಟ್ಟದ್ದಲ್ಲ, ಅವನಿಗೆ ಸಿಗೋ ಹೊತ್ತು ಕೆಟ್ಟದ್ದು. ಸೆಟ್ಟಿಗೆ ಸಾವಿರಗಟ್ಟಲೆ ಎಣಿಸಿಕೊಡ್ತೀವಿ, ಫಿಟ್ಟಿಂಗು ಫ್ರೀ ತಾನೆ ಅಂತ ಕೇಳ್ತೀವಿ. ಫ್ರೀ ಅಂದ ಮೇಲೆ ಅವನು ಉಳಿಸೋದು ಯಾವುದನ್ನ? ಕಪ್ಲರನ್ನ, ಕ್ರಿಂಪನ್ನ, ಮೀಟರ್ ಹಿಡಿಯೋ ಹೊತ್ತನ್ನ. ಪ್ಯಾನೆಲ್ ಮುಚ್ಚಿದ ಮೇಲೆ ಕಾಣದೆ ಇರೋದನ್ನೆಲ್ಲ.

ಅಳಿಯ: ಮುಚ್ಚಿದ ಮೇಲೆ ಯಾರೂ ನೋಡಲ್ಲವಲ್ಲ.

ಮಾವ: ಇನ್ನೊಬ್ಬ ಮೆಕ್ಯಾನಿಕ್ ನೋಡ್ತಾನೆ. ಹೀಟರ್ ಕೆಟ್ಟಾಗಲೋ, ನೀನು ಕಾರು ಮಾರಿದ ಮೇಲೋ, ಯಾರೋ ಒಬ್ಬ ಆ ಪ್ಯಾನೆಲ್ ಬಿಚ್ಚೇ ಬಿಚ್ತಾನೆ. ಗುರುತಿಲ್ಲದ ಗಂಟು ಕಂಡ್ರೆ ಅವನು ತನ್ನದೊಂದು ಗಂಟು ಸೇರಿಸ್ತಾನೆ, ಅವನ ನಂತರ ಬಂದವನು ಮತ್ತೊಂದು. ಕಪ್ಲರ್ ಕಂಡ್ರೆ ಕಳಚ್ತಾನೆ, ಕೆಲಸ ಮುಗಿಸಿ ಮತ್ತೆ ಸಿಕ್ಕಿಸ್ತಾನೆ. ನಾನು ಹುಡುಗರಿಗೆ ಕಲಿಸಿದ್ದು ಇಷ್ಟೇ: ನಾಳೆ ಬಿಚ್ಚೋನಿಗೆ ನೀನು ಎದುರಲ್ಲಿಲ್ಲದೆ ಅರ್ಥ ಆಗಬೇಕು, ಹಾಗೆ ಕಟ್ಟು. ಅದಕ್ಕೇ ಹಳೆ ಸೆಟ್ಟು, ಅದರ ಬ್ರಾಕೆಟ್ಟು, ಸ್ಕ್ರೂ ಎಲ್ಲ ಒಂದು ಡಬ್ಬಿಗೆ ಹಾಕಿ ಅಟ್ಟದ ಮೇಲಿಡು. ಮಾರೋವಾಗ ಕೇಳಿದವನಿಗೆ ಕಂಪನಿ ಸೆಟ್ಟೇ ವಾಪಸ್ ಕೂರಿಸಿಕೊಡಬಹುದು.

ಅಳಿಯ: ಹಾಗಾದ್ರೆ ಅಂಗಡಿಯಲ್ಲಿ ಏನಂತ ಹೇಳಲಿ?

ಮಾವ: ಶನಿವಾರ ಬೇಡ, ಜನ ಇಲ್ಲದ ದಿನ ಬೆಳಿಗ್ಗೆ ಹೋಗು. ಕಾರಿನ ಒಂದು ವೈರೂ ಕತ್ತರಿಸೋ ಹಾಗಿಲ್ಲ ಅಂತ ದುಡ್ಡಿನ ಮಾತಿಗೆ ಮುಂಚೆಯೇ ಹೇಳು. ಕಪ್ಲರಿಗೆ, ಫ್ರೇಮಿಗೆ, ಕೂಲಿಗೆ ಬಿಲ್ಲಿನಲ್ಲಿ ಬೇರೆ ಬೇರೆ ಸಾಲು ಬರೆಸು. ಪ್ಯಾನೆಲ್ ಮುಚ್ಚೋ ಮುಂಚೆ ನಾಲ್ಕೂ ಸ್ಪೀಕರ್, ರಿವರ್ಸು, ರೇಡಿಯೊ, ಹಜಾರ್ಡ್ ಲೈಟು ನೋಡು. ಒಳಗಿನದೊಂದು ಫೋಟೊ ತೆಗೆದಿಟ್ಕೋ.

ಅಳಿಯ: ಕೂಲಿ ಜಾಸ್ತಿ ಕೇಳಿದ್ರೆ?

ಮಾವ: ಕೊಡು. ಚೌಕಾಸಿ ಮಾಡಲೇಬೇಕು ಅಂತಿದ್ರೆ ಇಂಚಿನಲ್ಲಿ ಮಾಡು. ಒಂಬತ್ತು ಬಿಟ್ಟು ಏಳು ತಗೋ, ಉಳಿದ ದುಡ್ಡು ಅವನ ಕೂಲಿಗೆ ಸೇರಿಸಿ ಹೇಳು: ಮುಕ್ಕಾಲು ಗಂಟೆ ಸಾಲದು, ಊಟದ ಹೊತ್ತಿನವರೆಗೂ ಈ ಕಾರೊಂದೇ ನಿನ್ನದು ಅಂತ.